ಪರದೇಶದ ರಸ್ತೆ, ನಮ್ಮೂರ ಲೈಸೆನ್ಸ್: ನಿಮಗಿದು ಗೊತ್ತೇ?

ಪರದೇಶಕ್ಕೆ ಹೊರಟಿದ್ದೀರಾ? ಅಲ್ಲಿ ಕಾರು ಬಾಡಿಗೆಗೆ ಪಡೆದು ನೀವೇ ಓಡಿಸೋಣ ಅಂತಿದ್ದೀರಾ? ಹಾಗಾದರೆ ಇವನ್ನೊಮ್ಮೆ ಓದಿಬಿಡಿ!

● ಬ್ರಿಟನ್ ಪ್ರವಾಸಕ್ಕೆ ಹೋದರೆ ನಮ್ಮ ಆರ್‌ಟಿಒ ಕೊಟ್ಟ ಲೈಸೆನ್ಸೇ ಸಾಕು. ಅದರಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಅಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ. ಲಂಡನ್ ಬೀದಿಯಲ್ಲಿ ‘ಕೆಎ’ ಎಂದು ಶುರುವಾಗುವ ಲೈಸೆನ್ಸ್!

● ಹಲವು ದೇಶಗಳಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ ಬೇಕು. ಅದಕ್ಕಾಗಿ ಮತ್ತೆ 8 ಹಾಕಿ ತೋರಿಸಬೇಕಿಲ್ಲ! ಫಾರ್ಮ್ 4ಎ ತುಂಬಿ, ದಾಖಲೆಗಳ ಜೊತೆ 1,000 ರೂಪಾಯಿ ಕಟ್ಟಿದರೆ ಆರ್‌ಟಿಒದಲ್ಲೇ ಸಿಗುತ್ತದೆ. ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ.

● ಆ ಪುಟ್ಟ ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ. ಬೂದು ಬಣ್ಣದ ಹೊದಿಕೆ, ಒಳಗೆ ಬಿಳಿ ಹಾಳೆ. ಈ ಬಣ್ಣ ಆರ್‌ಟಿಒ ಆರಿಸಿದ್ದಲ್ಲ. ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದದಲ್ಲೇ ಬರೆದಿಟ್ಟದ್ದು!

● ಫೋಟೊ ಇರುವ ಕೊನೆಯ ಪುಟದಲ್ಲಿ ಎ, ಬಿ, ಸಿ, ಡಿ, ಇ ಎಂಬ ವರ್ಗಗಳಿವೆ. ‘ಎ’ ಮೋಟಾರ್ ಸೈಕಲ್, ‘ಬಿ’ ಕಾರು. ಬಿ ಮುಂದೆ ಮಾತ್ರ ಸೀಲು ಬಿದ್ದಿದೆಯೇ? ಹಾಗಿದ್ದರೆ ಥಾಯ್ಲೆಂಡ್‌ನಲ್ಲಿ ಬಾಡಿಗೆ ಸ್ಕೂಟರ್ ಏರುವಂತಿಲ್ಲ!

● ಐಡಿಪಿ ಇದೆ, ಲೈಸೆನ್ಸ್ ಮನೆಯಲ್ಲೇ ಮರೆತಿರಾ? ಆ ಐಡಿಪಿ ಮೂರು ಕಾಸಿಗೂ ಬಾರದು! ಎರಡೂ ಜೊತೆಗಿರಲೇಬೇಕು.

● ಜಪಾನ್ 1949ರ ಒಪ್ಪಂದದ ಐಡಿಪಿಯನ್ನು ಮಾತ್ರ ಒಪ್ಪುತ್ತದೆ. ಭಾರತದ್ದು ಅದೇ ಮಾದರಿ. ಜರ್ಮನಿಯದು 1968ರ ವಿಯೆನ್ನಾ ಒಪ್ಪಂದದ್ದು. ಹಾಗಾಗಿ ಟೋಕಿಯೊದಲ್ಲಿ ನಿಮ್ಮ ಐಡಿಪಿ ನಡೆಯುತ್ತದೆ, ಜರ್ಮನ್ನರದು ನಡೆಯುವುದಿಲ್ಲ! ಅವರು ತಮ್ಮ ಲೈಸೆನ್ಸಿನ ಜಪಾನಿ ಅನುವಾದ ಮಾಡಿಸಿ ಇಟ್ಟುಕೊಳ್ಳಬೇಕು.

● ಚೀನಾದ ಮುಖ್ಯಭೂಮಿಯಲ್ಲಿ ಯಾವ ದೇಶದ ಐಡಿಪಿಗೂ ಬೆಲೆಯಿಲ್ಲ. ಆದರೆ ಹಾಂಗ್‌ಕಾಂಗ್‌ನಲ್ಲಿ ನಡೆಯುತ್ತದೆ. ದೇಶ ಒಂದೇ, ನಿಯಮ ಎರಡು!

● ದುಬೈಗೆ ನಾಲ್ಕು ದಿನ ಸುತ್ತಾಡಲು ಹೋದವರು ಐಡಿಪಿ ಹಿಡಿದು ಕಾರು ಓಡಿಸಬಹುದು. ಅಲ್ಲೇ ಕೆಲಸ ಸಿಕ್ಕಿ ರೆಸಿಡೆನ್ಸ್ ವೀಸಾ ಬಂತೋ, ಆ ಸೌಲಭ್ಯ ಅಲ್ಲಿಗೇ ಮುಗಿಯಿತು. ಮಂಗಳೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿ ಪಳಗಿದವರೂ ಅಲ್ಲಿ ಹೊಸದಾಗಿ ಟೆಸ್ಟ್ ಕೊಡಬೇಕು!

● 2013ರ ಜನವರಿ 1ರಿಂದ ಅಮೆರಿಕದ ಫ್ಲೋರಿಡಾ ರಾಜ್ಯ ವಿದೇಶಿ ಚಾಲಕರೆಲ್ಲರಿಗೂ ಐಡಿಪಿ ಕಡ್ಡಾಯ ಮಾಡಿತು. ಚಳಿಗಾಲ ಕಳೆಯಲು ಬರುವ ಕೆನಡಾದವರು ಕಂಗಾಲಾದರು. ಈ ಕಾನೂನು ಜಿನೀವಾ ಒಪ್ಪಂದಕ್ಕೇ ವಿರುದ್ಧವಾಗಬಹುದೆಂದು ಆಮೇಲೆ ಹೊಳೆಯಿತು. ಏಪ್ರಿಲ್‌ನಲ್ಲೇ ಅದು ರದ್ದು!

● ಸೌದಿ ಅರೇಬಿಯಾದಲ್ಲಿ ಮಹಿಳೆಯರು ವಾಹನ ಓಡಿಸುವುದರ ಮೇಲಿದ್ದ ನಿಷೇಧ ತೆರವಾದದ್ದು 2018ರ ಜೂನ್ 24ರಂದು. ಆದರೆ ಜೂನ್ 4ರಂದೇ 10 ಮಹಿಳೆಯರ ಕೈಗೆ ಲೈಸೆನ್ಸ್ ಬಂದಿತ್ತು. ಹೇಗೆ ಗೊತ್ತೇ? ಅವರೆಲ್ಲ ಬೇರೆ ದೇಶಗಳಲ್ಲಿ ಮೊದಲೇ ಲೈಸೆನ್ಸ್ ಪಡೆದಿದ್ದರು. ಅದನ್ನೇ ತೋರಿಸಿ ಸೌದಿಯದನ್ನು ಪಡೆದರು!

● ಅಮೆರಿಕ ಅಂದರೆ ಬಲಬದಿಯ ಸಂಚಾರ ಅಲ್ಲವೇ? ಆದರೆ ಅಮೆರಿಕಕ್ಕೇ ಸೇರಿದ ವರ್ಜಿನ್ ದ್ವೀಪಗಳಲ್ಲಿ ನಮ್ಮ ಹಾಗೆ ಎಡಬದಿ. ಅಲ್ಲಿನ ಕಾರುಗಳಲ್ಲಿ ಸ್ಟೀರಿಂಗ್ ಮಾತ್ರ ಅಮೆರಿಕದ ಹಾಗೆ ಎಡಕ್ಕೇ! ಅಂದರೆ ಚಾಲಕ ಕೂರುವುದು ರಸ್ತೆಯ ಅಂಚಿನ ಕಡೆಗೆ. ಅಲ್ಲಿ ಎದುರಿನ ಗಾಡಿ ನೋಡಿಕೊಂಡು ಓವರ್‌ಟೇಕ್ ಮಾಡುವುದೇ ಒಂದು ಸಾಹಸ!