ಹಾಟ್ ರಾಡಿನ ಮೈಗೆ ಸೀಸದ ಲೇಪ

1932ರ ಫೋರ್ಡಿನಂತಹ ಕಾರುಗಳನ್ನು ಹಗುರಗೊಳಿಸಿ, ಕ್ಯಾಲಿಫೋರ್ನಿಯದ ಒಣಸರೋವರಗಳ ಮೇಲೆ ತರುಣರು ವೇಗವಾಗಿ ಓಡಿಸುತ್ತಿದ್ದರು. ಇವಕ್ಕೆ ‘ಹಾಟ್ ರಾಡ್’ ಎಂಬ ಹೆಸರು ಬಂದಿತು. ಅಳಿದುಳಿದವುಗಳನ್ನು ಜೀರ್ಣೋದ್ಧಾರ ಮಾಡುವವರಿಗೆ ಮೊದಲ ಶತ್ರು ತುಕ್ಕು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದಲೇ ಮೇಲಿನ ಬಣ್ಣ ಉಬ್ಬಿ ಒಡೆಯುತ್ತದೆ. ಅಂತಹ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಬೆಸುಗೆಯ ತಗ್ಗುಗಳನ್ನು ತುಂಬುವ ಬಗೆ ಹೇಗೆ?

ಹಳೆಯ ಕುಶಲಕರ್ಮಿಗಳ ಉಪಾಯ ಬಹು ಸೊಗಸಾದುದು. ತರಗತಿಯಲ್ಲಿ ನಾವು ಪ್ರತಿ ಶುದ್ಧವಸ್ತುವಿಗೂ ಒಂದು ಕರಗುವ ಬಿಂದುವನ್ನು ಹೇಳುತ್ತೇವೆ. ಆದರೆ 70 ಪಾಲು ಸೀಸ, 30 ಪಾಲು ತವರ ಕೂಡಿದ ಮಿಶ್ರಲೋಹವು 183 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತೊಡಗಿ, ಸುಮಾರು 255 ಡಿಗ್ರಿಯಲ್ಲಿ ಪೂರ್ಣ ದ್ರವವಾಗುತ್ತದೆ. ನಡುವೆ ಅದು ಬೆಣ್ಣೆಯಂತಿದ್ದು, ನೆಟ್ಟಗೆ ನಿಂತ ಬಾಗಿಲಿನ ಮೇಲೂ ಜಾರದು. ಮರದ ಹಲಗೆಯಿಂದ ಸವರಿ ಆಕಾರ ಕೊಡಬಹುದು. ಶುದ್ಧ ಸೀಸವಾದರೋ 327 ಡಿಗ್ರಿಯಲ್ಲಿ ಒಮ್ಮೆಗೇ ನೀರಾಗಿ ಹರಿದುಬಿಡುವುದು; ತವರದ ನೆರವಿಲ್ಲದೆ ಅದು ಉಕ್ಕಿಗೆ ಸರಿಯಾಗಿ ಅಂಟುವುದೂ ಇಲ್ಲ.

ಸೀಸವು ವಿಷವಷ್ಟೆ. ಆದಕಾರಣ ಮರಳುಕಾಗದದಿಂದ ಉಜ್ಜಿ ಧೂಳೆಬ್ಬಿಸದೆ ಅರದಿಂದಲೇ ಸಮಮಾಡುವರು. ಬೆಸುಗೆಗಾಗಿ ಮೊದಲು ಹಚ್ಚಿದ ಆಮ್ಲದ ಶೇಷವನ್ನು ಸೋಡದ ನೀರಿನಿಂದ ತೊಳೆಯಲು ಮರೆತರೆ, ಎಷ್ಟೇ ಬೆಲೆಬಾಳುವ ಬಣ್ಣ ಬಳಿದರೂ ಕೆಲಕಾಲದಲ್ಲೇ ಗುಳ್ಳೆಗಳೇಳುವುವು.