ನಿಮಗಿದು ಗೊತ್ತೆ? ಅಜ್ಜಿಯ ಮನೆಗೇ ಬರುತ್ತೆ ಮತಪೆಟ್ಟಿಗೆ!

ವ್ಯಾಟಿಕನ್‌ನಲ್ಲಿ 80 ತುಂಬಿದ ಕಾರ್ಡಿನಲ್‌ಗೆ ಪೋಪ್ ಆಯ್ಕೆಯಲ್ಲಿ ವೋಟಿಲ್ಲ. 1970ರಲ್ಲಿ ಪೋಪ್ ಆರನೇ ಪೌಲ್ ಹೊರಡಿಸಿದ ಆದೇಶವದು. ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ 85 ದಾಟಿದ ಅಜ್ಜಿ ಬಯಸಿದರೆ ಚುನಾವಣಾ ಸಿಬ್ಬಂದಿಯೇ ಮನೆ ಬಾಗಿಲಿಗೆ ಬರಬೇಕು! ಭಾರತದಲ್ಲಿ ಮತದಾನಕ್ಕೆ ಕನಿಷ್ಠ ವಯಸ್ಸು 18. ಗರಿಷ್ಠ ಮಿತಿ ಎಂಬುದೇ ಇಲ್ಲ.

ಕರ್ನಾಟಕ ಈ ಸೌಲಭ್ಯವನ್ನು ರಾಜ್ಯದಾದ್ಯಂತ ಮೊದಲು ಕಂಡದ್ದು 2023ರ ವಿಧಾನಸಭಾ ಚುನಾವಣೆಯಲ್ಲಿ. ಆಗ 80 ದಾಟಿದ್ದರೆ ಸಾಕಿತ್ತು. ಆಗ ರಾಜ್ಯದಲ್ಲಿ ಅಂಥವರು 12 ಲಕ್ಷಕ್ಕೂ ಹೆಚ್ಚು ಇದ್ದರು. ಅವರಲ್ಲಿ ನೂರು ದಾಟಿದವರೇ 16,976! 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಮಿತಿ 85ಕ್ಕೆ ಏರಿತು. 81ರ ಅಜ್ಜಂದಿರು ಮತ್ತೆ ಸರತಿಯಲ್ಲಿ ನಿಂತರು, ಪಾಪ.

ಮನೆಮತಕ್ಕೆ ಇವಿಎಂ ಇಲ್ಲ, ಹಳೆಯ ಕಾಗದದ ಮತಪತ್ರವೇ. ಜೊತೆಗೆ ಪೊಲೀಸ್, ವಿಡಿಯೊ ಕ್ಯಾಮೆರಾ. ಅಧಿಸೂಚನೆ ಹೊರಬಿದ್ದ ಐದು ದಿನದೊಳಗೆ ನಮೂನೆ 12-ಡಿ ತುಂಬಿ ಕೊಡಬೇಕು. ಒಂದು ಎಚ್ಚರಿಕೆ: ಮನೆಮತಕ್ಕೆ ಹೆಸರು ಸೇರಿದವರು ಆಮೇಲೆ ಮನಸ್ಸು ಬದಲಿಸಿ ಮತಗಟ್ಟೆಗೆ ಹೋದರೆ ವೋಟು ಹಾಕಲು ಬಿಡುವುದಿಲ್ಲ. ನಡೆದು ಹೋಗುವ ಶಕ್ತಿಯಿದ್ದರೆ ಅರ್ಜಿಗೆ ಮುನ್ನ ಯೋಚಿಸಿ.