ನೌಕಾವೃತ್ತಿಯೂ ನಿತ್ಯಕಲಿಕೆಯೂ

ಬಿಂಕದಕಟ್ಟಿಯಿಂದ ಕಡಲು ಬಹು ದೂರ. ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ಬಾಲಕನಿಗೆ ಹಡಗೆಂಬುದು ಪಠ್ಯಪುಸ್ತಕದೊಳಗಣ ಒಂದು ಚಿತ್ರವಾಗಿ ಮಾತ್ರ ತೋರುವುದು ಸಹಜ. ಆದರೆ ಗದುಗಿನ ಸುತ್ತಣ ಹೊಲಗಳಿಗೂ ಸಮುದ್ರಕ್ಕೂ ಹಳೆಯ ನಂಟುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆಯು ಎತ್ತಿನ ಬಂಡಿಗಳಲ್ಲಿ ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ನಾವೆಗಳನ್ನೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲ ಧಾರವಾಡ ಸೀಮೆಯದಾದರೂ ಪೇಟೆಯಲ್ಲಿ ಆ ಹತ್ತಿಗೆ ನಿಂತ ಹೆಸರು 'ಕುಮಟಾ ಹತ್ತಿ' ಎಂದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದ ದೆಸೆಯಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ, ಭಾರತದ ಹತ್ತಿಗೆ ಒದಗಿದ ಬೇಡಿಕೆ ಅಪಾರವಾದುದು.

ಆ ವೈಭವ ಬಹುಕಾಲ ನಿಲ್ಲಲಿಲ್ಲ. 1880ರ ದಶಕದಲ್ಲಿ ಗದುಗು-ಹುಬ್ಬಳ್ಳಿಗಳಿಗೆ ಉಗಿಬಂಡಿ ಬಂದಿತು. ಆ ದಶಕ ಮುಗಿಯುವ ಮುನ್ನವೇ ಹಳಿಯು ಘಟ್ಟವನ್ನಿಳಿದು ಗೋವೆಯ ಮುರಗಾಂವ ಬಂದರನ್ನು ಮುಟ್ಟಿತು. ಕುಮಟೆಯ ಹತ್ತಿವ್ಯಾಪಾರ ಕ್ಷೀಣಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹತ್ತಿ ಬೆಳೆಯುವುದು ನಿಲ್ಲಲಿಲ್ಲ, ಕೊಳ್ಳುವವರೂ ಇಲ್ಲವಾಗಲಿಲ್ಲ. ಸರಕು ಸಾಗುವ ದಾರಿ ಮಾತ್ರ ಬೇರೆಯಾಯಿತು. ಸಾಗಣೆ ಎಂಬುದು ಉಳಿಯುತ್ತದೆ, ಸಾಗಿಸುವ ರೀತಿ ಅಳಿಯುತ್ತದೆ. ನೌಕಾವೃತ್ತಿಯನ್ನು ಕೈಕೊಳ್ಳುವವನು ಮೊದಲು ತಿಳಿಯಬೇಕಾದ ಸತ್ಯವಿದು.

ಇಪ್ಪತ್ತನೆಯ ಶತಮಾನವೂ ಇದಕ್ಕೆ ಸಾಕ್ಷಿಯಾಯಿತು. ಮೊದಲು ಬಂದರಿನಲ್ಲಿ ಒಂದೊಂದು ಮೂಟೆಯನ್ನೂ ಪೆಟ್ಟಿಗೆಯನ್ನೂ ಕೂಲಿಗಳು ಹೊತ್ತು ಇಳಿಸಬೇಕಾಗಿದ್ದಿತು. ಹಡಗು ದಿನಗಟ್ಟಲೆ ದಡದಲ್ಲಿ ನಿಲ್ಲುತ್ತಿತ್ತು. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬಾತನು 58 ಲೋಹದ ದೊಡ್ಡ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನ ಮೇಲಿರಿಸಿ ನೆವಾರ್ಕಿನಿಂದ ಹೂಸ್ಟನ್ನಿಗೆ ಸಾಗಿಸಿದನು. ಕಂಟೇನರ್ ಎನಿಸಿದ ಈ ಪೆಟ್ಟಿಗೆಯು ಕ್ರಮೇಣ ಬಂದರಿನ ಸಾವಿರಾರು ಕೂಲಿಗಳ ಕೆಲಸವನ್ನು ಕಿತ್ತುಕೊಂಡಿತು; ಕ್ರೇನು ನಡೆಸುವವರಿಗೂ ಲೆಕ್ಕಪತ್ರ ಬಲ್ಲವರಿಗೂ ಹೊಸ ಕೆಲಸವನ್ನು ಕೊಟ್ಟಿತು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ನಿದರ್ಶನ ಹಡಗಿನ ರೇಡಿಯೋ ಅಧಿಕಾರಿಯದು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಏಳುನೂರಕ್ಕೂ ಮಿಕ್ಕಿದ ಜೀವಗಳು ಉಳಿದದ್ದು ಮೋರ್ಸ್ ಸಂಕೇತದಲ್ಲಿ ಹೊರಟ ಕರೆಯಿಂದ. ಅಂದಿನಿಂದ ಆ ಅಧಿಕಾರಿಯಿಲ್ಲದೆ ದೊಡ್ಡ ಹಡಗು ಕಡಲಿಗಿಳಿಯದೆಂಬಷ್ಟು ಅವನ ಸ್ಥಾನ ಭದ್ರವಾಗಿದ್ದಿತು. ಆದರೆ ಉಪಗ್ರಹಗಳನ್ನೂ ಸ್ವಯಂಚಾಲಿತ ಸಾಧನಗಳನ್ನೂ ಅವಲಂಬಿಸಿದ ಹೊಸ ಅಪಾಯಸೂಚನಾ ವ್ಯವಸ್ಥೆಯು 1999ರ ಫೆಬ್ರವರಿ 1ರಿಂದ ಪೂರ್ಣವಾಗಿ ಜಾರಿಗೆ ಬರಲು, ಆ ಹುದ್ದೆಯ ಅಗತ್ಯವೇ ಅಳಿಯಿತು. ಅದು ಆ ಅಧಿಕಾರಿಯ ಅಸಾಮರ್ಥ್ಯದ ಫಲವಲ್ಲ. ಅವನ ವಿದ್ಯೆಗೆ ಕಾಲ ತೀರಿತ್ತು, ಅಷ್ಟೇ. ವಿದ್ಯುತ್ತು ಹಾಗೂ ಎಲೆಕ್ಟ್ರಾನಿಕ್ ಯಂತ್ರಗಳ ವಿದ್ಯೆಯನ್ನು ಮರಳಿ ಕಲಿತವರಿಗೆ ಹಡಗಿನಲ್ಲಿಯೇ ಬೇರೊಂದು ಕೆಲಸವಿದ್ದಿತು. ಆ ಕೆಲಸಕ್ಕೆ 2010ರ ಮನಿಲಾ ತಿದ್ದುಪಡಿಯು ಅಂತರರಾಷ್ಟ್ರೀಯ ಮಾನ್ಯತೆಯನ್ನೂ ನೀಡಿತು.

ಬಂದರುಗಳ ಪಾಡೂ ಇದೇ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾಯಿತು. ಕುದುರೆಮುಖದ ಕಬ್ಬಿಣದ ಅದಿರು ಅದರ ಮುಖ್ಯ ಸರಕುಗಳಲ್ಲೊಂದಾಗಿದ್ದಿತು. 2005ರ ಕೊನೆಯಲ್ಲಿ ಅಲ್ಲಿಯ ಗಣಿಗಾರಿಕೆ ನಿಂತಿತು. ಆ ಒಂದನ್ನೇ ನೆಚ್ಚಿದ್ದರೆ ಪಣಂಬೂರಿಗೂ ಕುಮಟೆಯ ಗತಿಯೇ ಒದಗುತ್ತಿತ್ತೇನೋ. ಕಚ್ಚಾತೈಲ, ಅಡಿಗೆ ಅನಿಲ, ಕಲ್ಲಿದ್ದಲು, ಕಂಟೇನರುಗಳ ಸಾಗಣೆಯಿಂದ ಅದು ನಿಂತಿದೆ.

ಈ ವೃತ್ತಿಯ ಕಟ್ಟಳೆಯಲ್ಲಿಯೇ ಕಲಿಕೆ ಸೇರಿಕೊಂಡಿದೆ. ಭೌತ, ರಸಾಯನ, ಗಣಿತಶಾಸ್ತ್ರಗಳೊಡನೆ ದ್ವಿತೀಯ ಪಿ.ಯು.ಸಿ. ತೇರ್ಗಡೆಯಾದವರು, ದೇಹದಾರ್ಢ್ಯವೂ ಕಣ್ಣಿನ ದೃಷ್ಟಿಯೂ ಸರಿಯಿದ್ದಲ್ಲಿ, 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳಬಹುದು. ಹಡಗು ನಡೆಸುವ ಶಾಖೆಯಲ್ಲಿ ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್ ಎಂಬ ಮೆಟ್ಟಿಲುಗಳುಂಟು. ಯಂತ್ರಶಾಖೆಗೂ ಇಂಥವೇ ಪರೀಕ್ಷೆಗಳುಂಟು. ಮೆಟ್ಟಿಲು ಮೆಟ್ಟಿಲಿಗೂ ಸಮುದ್ರಸೇವೆಯ ಅನುಭವವೂ ಪರೀಕ್ಷೆಯೂ ಬೇಕು. ಅಷ್ಟರಿಂದಲೂ ಮುಗಿಯಲಿಲ್ಲ: ಮಾಸ್ಟರನಾದವನೂ ತನ್ನ ಯೋಗ್ಯತಾಪತ್ರವನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಕಾಗದದ ನಕಾಶೆಯಲ್ಲಿ ಪಳಗಿದವನು ವಿದ್ಯುನ್ಮಾನ ನಕಾಶೆಯನ್ನು ಕಲಿತನು. 2020ರ ಜನವರಿಯಿಂದ ಗಂಧಕಾಂಶ ಕಡಿಮೆಯಿರುವ ಇಂಧನದ ನಿಯಮ ಬಂದಾಗ ಇಂಜಿನಿಯರನು ಮತ್ತೆ ವಿದ್ಯಾರ್ಥಿಯಾದನು.

ಈ ಮಾರ್ಗ ಸುಖದ ಹಾಸಿಗೆಯಲ್ಲ. ತಿಂಗಳುಗಟ್ಟಲೆ ಮನೆಮಂದಿಯ ಅಗಲಿಕೆ ತಪ್ಪದು. ನೌಕರಿ ಕೊಡಿಸುವೆವೆಂದು ಹಣ ಕೀಳುವ ವಂಚಕರೂ ಇರುವುದರಿಂದ, ಸರಕಾರದ ನೌಕಾಯಾನ ಮಹಾನಿರ್ದೇಶನಾಲಯವು ಮಾನ್ಯಮಾಡಿದ ಸಂಸ್ಥೆಯೇ ಎಂಬುದನ್ನು ತಂದೆತಾಯಿಗಳು ವಿಚಾರಿಸಿಯೇ ಮುಂದುವರಿಯತಕ್ಕದ್ದು. ಹೊಲ ಮಾರಿ ಹಣ ತೆತ್ತ ಮೇಲೆ ಮರುಗಿ ಫಲವಿಲ್ಲ.

ಎರೆಹೊಲದ ರೈತನು ಮಳೆಯ ಹದವನ್ನರಿತು ಬಿತ್ತನೆಯನ್ನು ಹಿಂದುಮುಂದು ಮಾಡುತ್ತಾನೆ, ಬಿತ್ತುವುದನ್ನೇ ಬಿಡುವುದಿಲ್ಲ. ಆ ಮನೆಯಲ್ಲಿ ಬೆಳೆದ ಬಾಲಕನು ನಾಳೆ ಕಡಲಿಗಿಳಿದರೂ ದಡದಲ್ಲಿಯೇ ದುಡಿದರೂ ಈ ಒಂದು ಪಾಠವನ್ನು ಜೊತೆಗೊಯ್ದರೆ ಸಾಕು. ಇಂದು ಕಲಿತ ವಿದ್ಯೆಯ ಕಾಲ ಎಂದಾದರೂ ತೀರಬಹುದು. ಕಲಿಯುವ ಅಭ್ಯಾಸಕ್ಕೆ ಆ ಭಯವಿಲ್ಲ.